ಮಾಳಿಗೆಯ ಬಿಸಿಲೂ ಲಕ್ಕಮ್ಮನವರ ಅಳತೆಯೂ

ಈಚಿನ ವರ್ಷಗಳಲ್ಲಿ ನಮ್ಮ ಭಕ್ತರ ಮನೆಗಳಲ್ಲಿ ಒಂದು ಪ್ರಶ್ನೆಯು ಮೇಲಿಂದ ಮೇಲೆ ಏಳುತ್ತಿದೆ. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಬೇಕೆಂಬುದರಲ್ಲಿ ಎಲ್ಲರೂ ಒಮ್ಮತದವರೇ. ಯಾವ ಸೋಲಾರ್ ಎಂಬಲ್ಲಿಗೆ ಬಂದಾಗ ಮಾತ್ರ ಮತಭೇದವುಂಟಾಗುವುದು. ಮನೆಯ ತಾಯಿಯು ನೀರು ಕಾಯಿಸುವುದೊಂದಿದ್ದರೆ ಸಾಕೆನ್ನುವಳು. ಮಗನು ಕರೆಂಟು ಹುಟ್ಟಿಸುವ ಪ್ಯಾನಲ್ಲುಗಳೇ ಬೇಕು, ಅದೂ ೩ ಕಿಲೋವ್ಯಾಟಿನವು ಬೇಕು, ಸರಕಾರದ ಸಹಾಯಧನವು ಅಲ್ಲಿಗೇ ಪೂರ್ಣವಾಗಿ ದೊರೆಯುವುದು ಎನ್ನುವನು. ಅಜ್ಜನಿಗೋ, ಕರೆಂಟು ಹೋದಾಗ ಪೂಜೆಯ ಕೋಣೆಯಲ್ಲಿ ಒಂದು ದೀಪ ಉರಿದರೆ ತೃಪ್ತಿ. ಇದು ಅಂಗಡಿಕಾರನನ್ನು ಕೇಳಿ ಬಗೆಹರಿಸಿಕೊಳ್ಳತಕ್ಕ ಲೌಕಿಕ ವಿಷಯ, ಇದಕ್ಕೂ ಶರಣಧರ್ಮಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಶರಣರು ಧರ್ಮವನ್ನು ಅಡಿಗೆಮನೆಯಿಂದಾಗಲಿ ಅಂಗಳದಿಂದಾಗಲಿ ಬೇರ್ಪಡಿಸಿದವರಲ್ಲವಾದ್ದರಿಂದ ಸಂಬಂಧವಿದೆಯೆಂದೇ ನನ್ನ ಭಾವನೆ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಭಕ್ತರಿಲ್ಲ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಆ ಅಕ್ಕಿ ಕದ್ದುದಾಗಿರಲಿಲ್ಲ, ಬೇಡಿದುದೂ ಆಗಿರಲಿಲ್ಲ, ದೋಷವೆಲ್ಲ ಅಳತೆಯಲ್ಲಿತ್ತು. ತಮ್ಮ ಮನೆಯ ನಿತ್ಯದ ಅಗತ್ಯವೆಷ್ಟೆಂಬುದು ಆ ತಾಯಿಗೆ ಖಚಿತವಾಗಿ ತಿಳಿದಿದ್ದುದರಿಂದಲೇ ಹಾಗೆ ಹೇಳುವುದು ಸಾಧ್ಯವಾಯಿತು. ನಮ್ಮಲ್ಲಿ ಎಷ್ಟು ಮಂದಿ ಗೃಹಸ್ಥರಿಗೆ ತಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಯೂನಿಟ್ ಕರೆಂಟು ಖರ್ಚಾಗುವುದೆಂಬುದು ಗೊತ್ತಿದೆ? ಬಿಲ್ಲಿನ ರೂಪಾಯಿಗಳು ಗೊತ್ತು, ಯೂನಿಟ್ಟುಗಳು ಗೊತ್ತಿಲ್ಲ.

ಮೊದಲು ತಾಯಿಯ ಪಕ್ಷವನ್ನು ನೋಡೋಣ. ನೂರು ಲೀಟರ್ ನೀರನ್ನು ೨೫ ಡಿಗ್ರಿಯಿಂದ ೬೦ ಡಿಗ್ರಿಗೆ ಕಾಯಿಸಲು ಗೀಸರಿಗೆ ಸುಮಾರು ೪ ಯೂನಿಟ್ ಬೇಕು. ಅಷ್ಟು ಕರೆಂಟನ್ನು ದಿನವೊಂದಕ್ಕೆ ಹುಟ್ಟಿಸಲು ೧ ಕಿಲೋವ್ಯಾಟಿನ ಪ್ಯಾನಲ್, ಅಂದರೆ ಐದಾರು ಚದರ ಮೀಟರ್ ಜಾಗ ಬೇಕಾಗುವುದು. ಅದೇ ನೀರನ್ನು ನೇರವಾಗಿ ಬಿಸಿಲಿನಿಂದ ಕಾಯಿಸುವ ಹೀಟರಿಗೆ ಸುಮಾರು ಎರಡು ಚದರ ಮೀಟರ್ ಸಾಕು. ಪ್ಯಾನಲ್ಲು ತನ್ನ ಮೇಲೆ ಬಿದ್ದ ಬಿಸಿಲಿನ ಐದನೆಯ ಒಂದು ಪಾಲನ್ನಷ್ಟೇ ಕರೆಂಟಾಗಿ ಮಾರ್ಪಡಿಸುವುದು. ಹೀಟರು ಅರ್ಧದಷ್ಟನ್ನು ನೀರಿಗೆ ಮುಟ್ಟಿಸುವುದು. ಬೆಳಗಿನ ಜಾವ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತುಕೊಳ್ಳುವ ಮನೆಗೆ, ನಿನ್ನೆಯ ಬಿಸಿಲನ್ನು ತೊಟ್ಟಿಯಲ್ಲಿ ಕಾದಿಟ್ಟು ಇಂದು ಕೊಡುವ ಈ ಸಾಧನವು ಬಹು ಉಚಿತವಾದುದು. ಹಂಡೆಯ ಒಲೆಗೆ ಕಟ್ಟಿಗೆ ಒಟ್ಟಿ ಹೊಗೆಯಲ್ಲಿ ಕಣ್ಣೊರೆಸಿಕೊಂಡ ನಮ್ಮ ತಾಯಂದಿರನ್ನು ನೆನೆದರೆ ಇದರ ಬೆಲೆ ತಿಳಿಯುವುದು. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಇದನ್ನೊಂದನ್ನೇ ನಂಬಿ ಕೂಡಲಾಗದು.

ಇದರಲ್ಲಿಯೂ ಎರಡು ಬಗೆ. ತಾಮ್ರದ ಕೊಳವೆಗಳುಳ್ಳ ಚಪ್ಪಟೆ ಪೆಟ್ಟಿಗೆಯದು ಬಹುಕಾಲ ಬಾಳುವುದು. ಆದರೆ ನಮ್ಮ ಬಯಲುಸೀಮೆಯ ಬೋರಿನ ಗಡಸು ನೀರಿನಿಂದ ಆ ಸಣ್ಣ ಕೊಳವೆಗಳಲ್ಲಿ ಸುಣ್ಣದಂಥ ಪದರು ಕಟ್ಟಿಕೊಳ್ಳುವುದು. ಗಾಜಿನ ಕೊಳವೆಯದು ಬೆಲೆಯಲ್ಲಿ ಕಡಿಮೆ, ಕೊಳವೆ ಅಗಲವಾದ್ದರಿಂದ ತೊಳೆಯುವುದೂ ಸುಲಭ. ಮಂಗಗಳ ಹಾವಳಿಯಿರುವ ಊರಲ್ಲಿ ಗಾಜು ಉಳಿಯುವುದು ಕಷ್ಟ. ಆದ್ದರಿಂದ ನೆರೆಮನೆಯವನನ್ನು ನೋಡಿ ಕೊಳ್ಳುವ ಮೊದಲು ನಮ್ಮ ಮನೆಯ ನೀರನ್ನು ನೋಡಬೇಕು.

ಇನ್ನು ಮಗನ ಪಕ್ಷ. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಪ್ರಾರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ೧ ಕಿಲೋವ್ಯಾಟಿಗೆ ೩೦,೦೦೦, ೨ಕ್ಕೆ ೬೦,೦೦೦, ೩ ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ ೭೮,೦೦೦ ರೂಪಾಯಿಗಳ ಸಹಾಯಧನವು ಗೊತ್ತುಮಾಡಲ್ಪಟ್ಟಿತು. ಮೂರರಿಂದ ತಿಂಗಳಿಗೆ ೩೫೦ ಯೂನಿಟ್ಟಿನಷ್ಟು ಹುಟ್ಟುವುದು. ಮನೆಯ ಖರ್ಚು ತೊಂಬತ್ತು ಯೂನಿಟ್ಟಾಗಿದ್ದರೆ ಒಂದೇ ಕಿಲೋವ್ಯಾಟ್ ಸಾಕಲ್ಲವೇ? "ಕೊಡುವಾಗ ಏಕೆ ಬಿಡಬೇಕು?" ಎಂಬುದು ಮಗನ ಪ್ರಶ್ನೆ. ಆ ೭೮,೦೦೦ವು ಆಕಾಶದಿಂದ ಉದುರಿದುದಲ್ಲ; ಸಮಸ್ತ ಪ್ರಜೆಗಳ ಬೊಕ್ಕಸದಿಂದ ಬಂದುದು, ಮಾಳಿಗೆಯೇ ಇಲ್ಲದ ಗುಡಿಸಲಿನವನು ಬೆಂಕಿಪೊಟ್ಟಣ ಕೊಂಡಾಗ ತೆತ್ತ ತೆರಿಗೆಯೂ ಅದರಲ್ಲಿದೆ. ಅಂಗಳದಲ್ಲಿ ಬಿದ್ದ ಅಕ್ಕಿಗೂ ಇದಕ್ಕೂ ನನಗೆ ಹೆಚ್ಚು ಭೇದ ಕಾಣುವುದಿಲ್ಲ. ನಮ್ಮ ರಾಜ್ಯದಲ್ಲಿ ೨೦೨೩ರಲ್ಲಿ ಬಂದ ಗೃಹಜ್ಯೋತಿಯಿಂದ ಬಿಲ್ಲೇ ಸೊನ್ನೆಯಾದ ಮನೆಗೆ ಪ್ಯಾನಲ್ಲಿನಿಂದ ಹಣದ ಉಳಿತಾಯವೂ ಇಲ್ಲವಷ್ಟೆ.

ಹೆಚ್ಚಾದ ಕರೆಂಟು ತಂತಿಯ ಮೂಲಕ ಊರಿಗೇ ಹೋಗುವುದು, ಅದೂ ಒಂದು ದಾಸೋಹವಲ್ಲವೇ ಎಂದು ಒಬ್ಬ ಭಕ್ತರು ಕೇಳಿದರು. ಪ್ರಶ್ನೆ ತೂಕದ್ದು. ನಮ್ಮ ಮಾಳಿಗೆಯ ಕರೆಂಟಿನಿಂದ ಪಕ್ಕದ ಮನೆಯ ಮೋಟರು ತಿರುಗಿದರೆ ಅಷ್ಟು ಕಲ್ಲಿದ್ದಲು ಉಳಿಯಿತು. ಇದು ಲೋಕಕ್ಕೆ ಹಿತವೇ ಸರಿ. ಆದರೆ ಮೀಟರಿನಲ್ಲಿ ಬರೆಸಿ ಲೆಕ್ಕ ಹಿಡಿದು ಹಣ ಪಡೆಯುವುದು ವಿಕ್ರಯ. ವಿಕ್ರಯವು ನಿಂದ್ಯವಲ್ಲ, ನ್ಯಾಯವಾದ ವ್ಯಾಪಾರವೂ ಕಾಯಕವೇ. ಅದಕ್ಕೆ ದಾಸೋಹವೆಂಬ ಹೆಸರಿಡುವುದು ಮಾತ್ರ ಆತ್ಮವಂಚನೆ. ಮನೆಯಲ್ಲಿಯೇ ಮಗ್ಗವೋ ಹಿಟ್ಟಿನ ಗಿರಣಿಯೋ ನಡೆಯುತ್ತಿದ್ದರೆ ವಿಷಯವು ಬೇರೆ. ಅಲ್ಲಿ ಕರೆಂಟು ಕಾಯಕದ ಅನ್ನವಾಗಿದೆ. ಮೂರಲ್ಲ, ಐದು ಕಿಲೋವ್ಯಾಟಾದರೂ ಅದು ಅಳತೆಯೊಳಗಿನದೇ.

ಮಗನು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಬ್ಯಾಟರಿಯಿಲ್ಲದೆ ಊರಿನ ತಂತಿಗೆ ಜೋಡಿಸಿದ ಪ್ಯಾನಲ್ಲುಗಳು ಕರೆಂಟು ಹೋದೊಡನೆ, ಮಧ್ಯಾಹ್ನದ ಸುಡುಬಿಸಿಲಿನಲ್ಲಿಯೂ, ತಾವೂ ನಿಂತುಬಿಡುವವು. ಇದು ಕುಂದಲ್ಲ, ಕಂಬದ ಮೇಲೆ ತಂತಿ ದುರಸ್ತಿ ಮಾಡುವ ಲೈನ್‌ಮನ್ನಿನ ಪ್ರಾಣಕ್ಕಾಗಿ ಹಾಗೆ ವ್ಯವಸ್ಥೆ ಮಾಡಿದ್ದಾರೆ. ಎಷ್ಟೋ ಜನರು ಇದನ್ನರಿಯದೆ ಲಕ್ಷಗಟ್ಟಲೆ ಖರ್ಚು ಮಾಡಿ, ಕತ್ತಲಲ್ಲಿ ಕುಳಿತು ಅಂಗಡಿಕಾರನನ್ನು ಬಯ್ಯುತ್ತಾರೆ.

ಅಜ್ಜನ ದೀಪಕ್ಕೆ ಇಷ್ಟೆಲ್ಲ ಬೇಡ. ಒಂದು ಚಿಕ್ಕ ಪ್ಯಾನಲ್ಲು, ಒಂದು ಚಿಕ್ಕ ಬ್ಯಾಟರಿ, ಎರಡು ಬಲ್ಬು. ಸೀಸದ ಬ್ಯಾಟರಿಯಾದರೆ ಆಗಾಗ ಶುದ್ಧೀಕರಿಸಿದ ನೀರು ಹಾಕುತ್ತಿರಬೇಕು, ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಲೂಬೇಕು. ಹಳೆಯದನ್ನು ಹಿತ್ತಲಿನಲ್ಲಿ ಎಸೆಯಬಾರದು, ಬೀದಿಯಲ್ಲಿ ಒಡೆದು ಸೀಸ ತೆಗೆಯುವವರಿಗೂ ಕೊಡಬಾರದು. ಆ ವಿಷವು ಮಣ್ಣಿಗಿಳಿದು ಮಕ್ಕಳ ಮೈಸೇರುವುದು. ಕೊಂಡ ಅಂಗಡಿಗೇ ಮರಳಿಸಿದರೆ ಹೊಸದರ ಬೆಲೆಯಲ್ಲಿ ಅಷ್ಟಿಷ್ಟು ಮುರಿದುಕೊಳ್ಳುತ್ತಾರೆ.