ನೀರು ಸಮವಾಗುವ ಮುನ್ನ

ಇಂಗ್ಲೆಂಡಿನ ಡಿವೈಜಸ್ ಪಟ್ಟಣದ ಪಕ್ಕದಲ್ಲಿ ಕೇನ್ ಹಿಲ್ ಎಂಬ ಏರು ಇದೆ. 1810ರಲ್ಲಿ ಪೂರ್ಣಗೊಂಡ ಕೆನೆಟ್ ಮತ್ತು ಏವನ್ ಕಾಲುವೆ ಅಲ್ಲಿ ಸುಮಾರು 2 ಮೈಲಿಯೊಳಗೆ 237 ಅಡಿ ಮೇಲೇರುತ್ತದೆ. ದೋಣಿ ಗುಡ್ಡ ಹತ್ತುವುದುಂಟೇ? ಹತ್ತುತ್ತದೆ, 29 ಲಾಕ್‌ಗಳ ಮೂಲಕ. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಆಳವಾದ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಮೇಲಿನ ತೂಬು ತೆರೆದರೆ ನೀರು ತುಂಬಿ ದೋಣಿ ಏಳುತ್ತದೆ. ಕೆಳಗಿನ ತೂಬು ತೆರೆದರೆ ಇಳಿಯುತ್ತದೆ.

ತಪಸ್ಸುಕಾಲ ಬಂದಾಗ ನನಗೆ ಈ ಲಾಕ್ ನೆನಪಾಗುವುದಕ್ಕೆ ಕಾರಣವಿದೆ. ಪಾಲಿನ ಜಮೀನಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಹಿರಿಯರು ಎದುರುಬದುರು ನಿಲ್ಲಿಸಿ, "ಆದದ್ದಾಯಿತು, ಕೈ ಕೊಡಿ" ಎನ್ನುತ್ತಾರೆ. ಕೈ ಚಾಚದವನಿಗೆ ಕಲ್ಲೆದೆಯವನೆಂಬ ಹೆಸರು. ನೊಂದವನನ್ನು ಹೀಗೆ ಅವಸರಪಡಿಸುವ ಹಕ್ಕು ನಮಗಿದೆಯೇ?

ಲಾಕಿನ ಬಾಗಿಲಿನ ಎರಡು ಕದಗಳು ಎತ್ತರದ ನೀರಿನ ಕಡೆಗೆ ಮೂತಿ ಮಾಡಿಕೊಂಡು ಕೋನವಾಗಿ ಕೂಡುತ್ತವೆ. ಆದ್ದರಿಂದ ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. ಒಂದು ಘನ ಮೀಟರ್ ನೀರಿನ ತೂಕವೇ 1000 ಕಿಲೋ. ಎರಡು ಬದಿಯ ನೀರಿನ ನಡುವೆ ಗೇಣುದ್ದ ಅಂತರ ಉಳಿದಿದ್ದರೂ ಸಾಕು, ನಾಲ್ಕು ಜನ ಗಂಡಾಳುಗಳು ತಳ್ಳಿದರೂ ಕದ ಅಲುಗದು. ನೀರು ಸಮವಾದ ಮೇಲೆ ಅದೇ ಕದದ ಉದ್ದನೆಯ ತೊಲೆಗೆ ಒಬ್ಬರು ಬೆನ್ನು ಕೊಟ್ಟು ತಳ್ಳಿದರೂ ಮೆಲ್ಲಗೆ ತೆರೆಯುತ್ತದೆ. ಕದವನ್ನು ಬೈಯುವ ನಾವು ಅದರ ಹಿಂದೆ ಎಷ್ಟು ನೀರು ನಿಂತಿದೆ ಎಂದು ನೋಡುವುದಿಲ್ಲ.

ಹಾಗಾದರೆ ಕಾಲವೇ ಎಲ್ಲವನ್ನೂ ಸರಿಮಾಡಲಿ ಎಂದು ಬಿಡೋಣವೇ? ಅದೂ ಆಗದು. ತೂಬು ತಾನಾಗಿ ತೆರೆಯುವುದಿಲ್ಲ, ಯಾರಾದರೂ ಹಿಡಿ ಹಾಕಿ ತಿರುಗಿಸಬೇಕು. ಯಾರು? ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೊರಡಬೇಕಾದವನು ಯಾರೆಂದು ಗಮನಿಸಿ: ಯಾರ ಮೇಲೆ ಸಹೋದರನಿಗೆ ಮನಸ್ತಾಪವಿದೆಯೋ ಅವನು. ಜಮೀನು ಯಾರ ಕೈಯಲ್ಲಿದೆಯೋ ಅವನು ಮೊದಲು ಪತ್ರ ತರಲಿ, ಅಪ್ಪುಗೆ ಆಮೇಲೆ. ಎರಡು ಮೂರು ಭಾಷೆಯವರು ಒಂದೇ ದೇವಾಲಯವನ್ನು ಹಂಚಿಕೊಂಡಿರುವ ನಮ್ಮಂಥ ಧರ್ಮಕ್ಷೇತ್ರದಲ್ಲಿ, ಬಲಿಪೂಜೆಯ ಹೊತ್ತಿನ ಜಗಳಕ್ಕೂ ಇದೇ ಮಾತು. ಹೆಚ್ಚು ಸಂಖ್ಯೆಯವರು ಮೊದಲು ಇಳಿಯಬೇಕು. ಕೆಲವು ಊರುಗಳಲ್ಲಿ ಅದು ನಾವು ಕನ್ನಡದವರೇ.

ಇಳಿಯುವ ದೋಣಿಗೆ ಅಪಾಯ ಹೆಚ್ಚು ಎಂಬುದೂ ನಿಜ. ಮೇಲಿನ ಬಾಗಿಲಿನ ಅಡಿಯಲ್ಲಿ ಒಂದು ಹೊಸ್ತಿಲಿರುತ್ತದೆ. ತೊಟ್ಟಿ ತುಂಬಿದ್ದಾಗ ಕಾಣುವುದಿಲ್ಲ, ನೀರು ಇಳಿದಂತೆ ಮೇಲೆ ಕಾಣಿಸಿಕೊಳ್ಳುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮುಂಭಾಗ ಮುಳುಗುತ್ತದೆ. ಅದಕ್ಕೇ ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ, ದೋಣಿ ಅದರಿಂದ ಮುಂದಿರಬೇಕು. ಹಗ್ಗವನ್ನು ದಡದ ಗೂಟಕ್ಕೆ ಸುತ್ತಿ ಕೈಯಲ್ಲಿ ಹಿಡಿದು, ನೀರು ಇಳಿದಂತೆ ಸಡಿಲಿಸುತ್ತಾರೆ. ಗಂಟು ಹಾಕಿದರೆ ದೋಣಿ ಗೋಡೆಗೇ ನೇತುಬೀಳುತ್ತದೆ. "ತಪ್ಪಾಯಿತು, ಆದರೆ ನೀನೂ..." ಎಂದು ಶುರುಮಾಡುವವರ ಹಗ್ಗಕ್ಕೆ ಗಂಟು ಬಿದ್ದಿರುತ್ತದೆ. ದೋಣಿ ಸಿಕ್ಕಿಕೊಂಡರೆ ಮಾಡಬೇಕಾದದ್ದು ಇಷ್ಟೇ: ಕೆಳಗಿನ ತೂಬುಗಳನ್ನು ತಕ್ಷಣ ಮುಚ್ಚಿ, ಮೇಲಿನಿಂದ ನಿಧಾನವಾಗಿ ನೀರು ಬಿಟ್ಟು ದೋಣಿಯನ್ನು ತೇಲಿಸುವುದು, ಮತ್ತೆ ಮೊದಲಿನಿಂದ ಇಳಿಸುವುದು. ರಾಜಿ ಮಾತುಕತೆ ಕೆಟ್ಟ ದಿನವೂ ಹೀಗೆ ಎದ್ದುಬಂದು ಇನ್ನೊಂದು ವಾರ ಕೂರಬಹುದು. ನಮ್ಮ ಹಿರಿಯರಿಗೆ ಅದು ಸೋಲಿನಂತೆ ಕಾಣುತ್ತದೆ, ಪಾಪ.

ಜೆರಿಕೊದ ಜಕ್ಕಾಯನನ್ನು ಯೇಸುಸ್ವಾಮಿ ಮರದಿಂದ ಇಳಿದು ಬರಲು ಹೇಳಿದರು. ಇಳಿದವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಎಂದ. ಅವನಿಂದ ಮೋಸಹೋದವರು ಆ ಮೇಲೆ ಅವನನ್ನು ಕ್ಷಮಿಸಿದರೇ, ಅವನ ಮನೆಗೆ ಊಟಕ್ಕೆ ಬಂದರೇ? ಸಂತ ಲೂಕರು ಅದನ್ನು ಬರೆದಿಲ್ಲ. ಬನ್ನಿರೆಂದು ಯೇಸು ಅವರನ್ನು ಒತ್ತಾಯಿಸಿದರೆಂದೂ ಬರೆದಿಲ್ಲ.