ಕೋಳಿಯ ರೆಕ್ಕೆಯೂ ಮಧ್ಯಾಹ್ನದ ನೀರೂ

ಆಧಾರ ವಚನಗಳು: ಜ್ಞಾನೋಕ್ತಿಗಳು 12:10, ಮತ್ತಾಯ 23:37



ಮೇಲೆ ಕಾಣಿಸಿದ ಎರಡು ವಚನಗಳನ್ನು ನಿಮ್ಮ ನಿಮ್ಮ ಸತ್ಯವೇದಗಳಲ್ಲಿ ತೆಗೆದು ಮೊದಲು ಓದಿಕೊಳ್ಳಿರಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿ ಕೇಳಿರಿ. ಮೊದಲನೆಯದರಲ್ಲಿ ನೀತಿವಂತನ ಗುರುತೊಂದು ಹೇಳಲ್ಪಟ್ಟಿದೆ; ಅದೇನಂದರೆ, ತನ್ನ ಕೈಕೆಳಗಿರುವ ಮೂಕಪ್ರಾಣಿಯ ಜೀವವು ಅವನಿಗೆ ಅಲ್ಪವಾದದ್ದಲ್ಲ. ಎರಡನೆಯದರಲ್ಲಿ ನಮ್ಮ ಕರ್ತನು ಯೆರೂಸಲೇಮಿನ ನಿಮಿತ್ತ ದುಃಖಪಡುತ್ತಾ, ತನ್ನ ಪ್ರೀತಿಗೆ ಹೋಲಿಕೆಯಾಗಿ ಸಿಂಹವನ್ನಾಗಲಿ ಗಿಡುಗವನ್ನಾಗಲಿ ತೆಗೆದುಕೊಳ್ಳದೆ, ನಮ್ಮೆಲ್ಲರ ಹಿತ್ತಿಲಲ್ಲಿ ಮರಿಗಳನ್ನು ಕರೆದುಕೊಂಡು ತಿರುಗುವ ಹೇಂಟೆಯನ್ನು ತೆಗೆದುಕೊಂಡನು.

ಆತ್ಮದ ಸಂಗತಿಗಳನ್ನು ಬಿಟ್ಟು ಉಪದೇಶಿಯು ಕೋಳಿಯ ಮಾತನ್ನು ಎತ್ತುವದು ಯಾಕೆಂದು ಕೆಲವರು ಕೇಳಬಹುದು. ಸಹೋದರರೇ, ಎಂಟು ಹತ್ತು ಕೋಳಿಗಳು, ನಾಲ್ಕು ಮಡಿ ಸೊಪ್ಪು, ಒಂದು ನುಗ್ಗೆಯ ಮರ, ಇವಿಷ್ಟೇ ನಮ್ಮ ಸಭೆಗಳ ಎಷ್ಟೋ ತಾಯಂದಿರ ಸ್ವಂತ ಆಸ್ತಿಯಾಗಿರುವದು. ಕರ್ತನು ನಮ್ಮ ಕೈಗೆ ಒಪ್ಪಿಸಿದ ಸ್ವಲ್ಪದರಲ್ಲಿ ನಾವು ನಂಬಿಗಸ್ತರೋ ಅಲ್ಲವೋ ಎಂಬದು ದೇವಾಲಯದಲ್ಲಿ ತಿಳಿದುಬರುವದಕ್ಕಿಂತ ಮೊದಲು ಹಿತ್ತಿಲಲ್ಲಿ ತಿಳಿದುಬರುವದು. ನಮ್ಮ ವಿಷಯದಲ್ಲಿ ಅದು ಹೇಗೆ ತಿಳಿದುಬಂತೆಂಬದನ್ನು ನಾಚಿಕೆಯಿಂದಲೇ ಹೇಳುತ್ತೇವೆ.

ಕೆಲವು ವರುಷಗಳ ಹಿಂದೆ, ಮೇ ತಿಂಗಳ ಒಂದು ಕರ್ತನ ದಿನದಲ್ಲಿ, ನಾವು ನಸುಕಿನಲ್ಲೇ ಎದ್ದು ಎರಡು ಹರದಾರಿ ದೂರದ ಹಳ್ಳಿಗೆ ಆರಾಧನೆ ನಡಿಸುವದಕ್ಕಾಗಿ ಹೊರಟೆವು. ಮನೆಯವರು ತವರಿಗೆ ಹೋಗಿದ್ದರು. ನೆರೆಮನೆಯವರ ಮಡಿಯಲ್ಲಿ ಕೊತ್ತಂಬರಿ ಮೊಳೆಯುತ್ತಿದ್ದದರಿಂದ, ಅದನ್ನು ಕೆದರದಿರಲೆಂದು ನಮ್ಮ ಏಳು ಕೋಳಿಗಳನ್ನೂ ತಗಡು ಹೊದಿಸಿದ ಗೂಡಿನೊಳಗೆ ಹಾಕಿ ಅಗಳಿಯಿಟ್ಟೆವು. ಬೋಗುಣಿಯಲ್ಲಿ ಅರ್ಧ ನೀರಿತ್ತು, ಸಾಕೆಂದುಕೊಂಡೆವು. ಆ ದಿನ ನಾವು ಪ್ರಸಂಗಿಸಿದ ವಚನವು ಇದೇ ಮತ್ತಾಯ 23:37. ಹೇಂಟೆಯ ರೆಕ್ಕೆಯ ವಿಷಯವಾಗಿ ಬಹಳ ಮಾತಾಡಿದೆವು. ಕೇಳಿದವರಲ್ಲಿ ಇಬ್ಬರು ಕಣ್ಣೀರೊರಸಿಕೊಂಡರು. ನಮಗೆ ಒಳಗೊಳಗೆ ಸಂತೋಷವಾಯಿತು.

ಸಾಯಂಕಾಲ ನಾಲ್ಕು ಗಂಟೆಗೆ ಮನೆಗೆ ಬಂದು ಗೂಡಿನ ಬಾಗಿಲು ತೆಗೆದಾಗ ನಾಲ್ಕು ಕೋಳಿಗಳು ಸತ್ತಿದ್ದವು. ಮೂರು ಬಾಗಿಲ ಬಳಿಯಲ್ಲಿ ಬಿದ್ದಿದ್ದವು. ನಾಲ್ಕನೆಯದು ಕಾವಿಗೆ ಕೂತಿದ್ದ ಹೇಂಟೆ. ಅದು ಬಾಗಿಲಿಗೆ ಓಡಿರಲಿಲ್ಲ. ಮೊಟ್ಟೆಗಳ ಮೇಲೆಯೇ ರೆಕ್ಕೆಯನ್ನು ಹರಡಿಕೊಂಡು ಸತ್ತಿತ್ತು. ಬೋಗುಣಿಯ ತಳದಲ್ಲಿ ಧೂಳಿತ್ತು. ಬೆಳಿಗ್ಗೆ ನಾವು ಬಾಯಿಂದ ಹೇಳಿದ್ದನ್ನು ಆ ಹೇಂಟೆಯು ಮಾಡಿ ಮುಗಿಸಿತ್ತು.

ಬಿಸಿಲು ಕೋಳಿಯನ್ನು ಹೇಗೆ ಕೊಲ್ಲುವದೆಂಬದನ್ನು ಆ ಮೇಲೆ ಪಶುವೈದ್ಯರಿಂದ ಕೇಳಿ ತಿಳಿದುಕೊಂಡೆವು. ನಮಗೆ ಸೆಕೆಯಾದರೆ ಬೆವರು ಬಂದು ಮೈ ತಣ್ಣಗಾಗುವದು. ಕೋಳಿಗೆ ಬೆವರುವ ಗ್ರಂಥಿಗಳೇ ಇಲ್ಲ. ಅದು ಬಾಯಿ ತೆರೆದು ತೇಕುತ್ತಾ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಉಸಿರಿನೊಡನೆ ತೇವವನ್ನು ಹೊರಗೆ ಬಿಟ್ಟು ತಣ್ಣಗಾಗಬೇಕು. ಅದರ ಮೈಯ ಬಿಸಿಯು ಸಹಜವಾಗಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿ, ವಿಜಯಪುರಗಳ ಕಡೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಬಿಸಿಲು 40 ಡಿಗ್ರಿಯನ್ನು ದಾಟುವದನ್ನು ನೀವು ಬಲ್ಲಿರಿ. ಆಗ ಹೊರಗಿನ ಗಾಳಿಯೂ ಒಳಗಿನ ಮೈಯೂ ಒಂದೇ ಬಿಸಿಯಾಗುವದರಿಂದ, ತೇಕುವದೊಂದೇ ಅದಕ್ಕೆ ಉಳಿದಿರುವ ದಾರಿ. ತೇಕುವದಕ್ಕೆ ನೀರು ಬೇಕು. ನೀರು ತೀರಿದ ಗಳಿಗೆಯಲ್ಲಿ ಆ ದಾರಿಯೂ ಮುಚ್ಚಿಹೋಗುವದು. ಬೇಸಿಗೆಯಲ್ಲಿ ಮೊಟ್ಟೆಯ ತೊಗಟೆ ತೆಳುವಾಗುವದಕ್ಕೂ ಈ ತೇಕುವದೇ ಮುಖ್ಯ ಕಾರಣವು.

ಆದಕಾರಣ ಪ್ರಿಯರೇ, ಈ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿರಿ. ಹತ್ತು ದೊಡ್ಡ ಕೋಳಿಗಳಿಗೆ ಕಡು ಬೇಸಿಗೆಯಲ್ಲಿ ದಿನಕ್ಕೆ ಸುಮಾರು ಐದು ಲೀಟರು ನೀರು ಬೇಕಾಗುವದು. ಅದನ್ನು ಮಣ್ಣಿನ ಪಾತ್ರೆಗಳಲ್ಲಿ, ಒಂದೇ ಕಡೆಯಲ್ಲಲ್ಲ, ಎರಡು ಮೂರು ಕಡೆಗಳಲ್ಲಿ ನೆರಳಿನಲ್ಲಿಡಿರಿ. ಯಾಕಂದರೆ ಬಲವಾದ ಹುಂಜವು ಒಂದೇ ಪಾತ್ರೆಯನ್ನು ಕಾದುಕೊಂಡು ಬಲಹೀನವಾದವುಗಳನ್ನು ಓಡಿಸುವದು. ಬೆಳಿಗ್ಗೆ ಇಟ್ಟ ನೀರನ್ನು ಮಧ್ಯಾಹ್ನದಲ್ಲಿ ಚೆಲ್ಲಿ ಹೊಸದನ್ನು ಹಾಕಿರಿ. ಕಾಳುಗಳನ್ನು ತಂಪು ಹೊತ್ತಿನಲ್ಲಿ, ಬೆಳಿಗ್ಗೆಯೂ ಸಾಯಂಕಾಲವೂ, ಹಾಕಿರಿ. ನಡುಹಗಲಲ್ಲಿ ತಿಂದದ್ದು ಅರಗುವಾಗ ಮೈಯೊಳಗೆ ಮತ್ತಷ್ಟು ಬಿಸಿ ಹುಟ್ಟುವದು. ಗೂಡಿನ ಉದ್ದವು ಪೂರ್ವ ಪಶ್ಚಿಮವಾಗಿರಲಿ. ಎರಡು ಪಕ್ಕಗಳಲ್ಲಿ ಗಾಳಿಯಾಡುವಂತೆ ಜಾಲರಿಯಿರಲಿ. ತಗಡಿನ ಮೇಲೆ ಜೋಳದ ಕಣಿಕೆಯನ್ನೋ ತೆಂಗಿನ ಗರಿಯನ್ನೋ ದಪ್ಪವಾಗಿ ಹೊದಿಸಿರಿ. ಹಗಲಲ್ಲಿ ಗೂಡಿನೊಳಗೆ ಹಾಕಿ ಅಗಳಿಯಿಡಲೇಬೇಡಿರಿ. ಹೇನು ಉದುರುವಂತೆ ಹೊರಳಾಡುವದಕ್ಕೆ ಒಂದು ಮೂಲೆಯಲ್ಲಿ ಒಣ ಮಣ್ಣೂ ಬೂದಿಯೂ ಇರಲಿ.

ನೆರಳಿಗೆ ಎಲ್ಲಿಗೆ ಹೋಗೋಣವೆಂದು ಕೇಳುವಿರೋ? ಆದಿಕಾಂಡದ 2ನೆಯ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ಮೊದಲು ಕೊಟ್ಟ ಮನೆಯು ತೋಟವೇ. ಅದರಲ್ಲಿ ದುಡಿಯುವದೂ ಅದನ್ನು ಕಾಯುವದೂ ಅವನ ಮೊದಲನೆಯ ಉದ್ಯೋಗವಾಗಿತ್ತು. ನುಗ್ಗೆ, ಕರಿಬೇವು, ಪರಂಗಿ, ಬಚ್ಚಲ ನೀರು ಹರಿಯುವ ಕಡೆಯಲ್ಲಿ ಎರಡು ಬಾಳೆ, ಒಂದು ಚಪ್ಪರದ ಮೇಲೆ ಹೀರೆ ಅಥವಾ ಬಸಳೆ, ಇವು ಮನೆಯವರಿಗೆ ಪಲ್ಯವನ್ನೂ ಕೋಳಿಗಳಿಗೆ ನೆರಳನ್ನೂ ಕೊಡುವವು. ಕೋಳಿಯು ಅಲ್ಲಿ ಗೆದ್ದಲನ್ನೂ ಹುಳಗಳನ್ನೂ ಹೆಕ್ಕಿ ತಿಂದು ಗೊಬ್ಬರವನ್ನು ಹಿಂದಕ್ಕೆ ಕೊಡುವದು. ಆದರೆ ಎಳೆಯ ಸಸಿಗಳಿಗೆ ಅದು ಶತ್ರುವಾದದರಿಂದ ಮಡಿಗಳಿಗೆ ಜಾಲಿಯ ಮುಳ್ಳಿನ ಬೇಲಿ ಹಾಕತಕ್ಕದ್ದು. ನೆರೆಯವನ ಮಡಿಗೆ ಹೋಗದಂತೆ ನೋಡಿಕೊಳ್ಳುವದು ನಮ್ಮ ಕರ್ತವ್ಯವೇ. ಆದರೆ ಬೇಲಿಯಿಂದ ಮಾಡಬೇಕಾದದ್ದನ್ನು ಅಗಳಿಯಿಂದ ಮಾಡಿದ ನಮ್ಮ ಸೋಮಾರಿತನದ ಫಲವನ್ನು ನೀವು ಕೇಳಿದ್ದೀರಿ.

ಕೋಳಿಯ ಹಿಕ್ಕೆಯನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಟ್ಟುಹೋಗುವದು. ಒಣ ಎಲೆ ಕಸಕಡ್ಡಿಗಳೊಡನೆ ಕುಣಿಯಲ್ಲಿ ಹಾಕಿ, ಆಗಾಗ್ಗೆ ನೀರು ಚಿಮುಕಿಸಿ, ಎರಡು ಮೂರು ತಿಂಗಳು ಕೊಳೆಯಗೊಟ್ಟು ಹಾಕಿರಿ. ಕುಣಿಗೆ ಬೂದಿಯನ್ನು ಬೆರಸಬೇಡಿರಿ. ಬೆರಸಿದರೆ ಗೊಬ್ಬರದ ಸಾರವು ವಾಸನೆಯಾಗಿ ಹಾರಿಹೋಗುವದು. ನೀರು ಕಡಿಮೆಯಿರುವವರು ಬಣ್ಣ ಹಚ್ಚದ ಮಣ್ಣಿನ ಗಡಿಗೆಯನ್ನು ಗಿಡಗಳ ನಡುವೆ ಕುತ್ತಿಗೆಯ ವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಡಿರಿ. ಅದು ಯಾರಿಗೂ ಕಾಣದೆ ಸ್ವಲ್ಪ ಸ್ವಲ್ಪವಾಗಿ ಜಿನುಗಿ ಬೇರಿಗೆ ಕುಡಿಸುವದು. ಸೂರ್ಯನಿಗೆ ಅದರಲ್ಲಿ ಪಾಲು ಸಿಕ್ಕದು. ನಮ್ಮ ದಾನಧರ್ಮಗಳೂ ಆ ಗಡಿಗೆಯ ಹಾಗೆಯೇ ಇರಲಿ.

ಈಗ ನಮ್ಮ ಎರಡನೆಯ ತಪ್ಪನ್ನು ಕೇಳಿರಿ. ಇದು ಮೊದಲನೆಯದಕ್ಕಿಂತ ಹೆಚ್ಚಿನದು. ಸತ್ತ ಕೋಳಿಗಳ ಸ್ಥಳವನ್ನು ಮನೆಯವರು ತವರಿನಿಂದ ಬರುವದರೊಳಗೆ ತುಂಬಬೇಕೆಂದು ನಾವು ಸಂತೆಗೆ ಓಡಿದೆವು. ಅಲ್ಲಿ ಒಬ್ಬನು ನಾಲ್ಕು ಕೋಳಿಗಳನ್ನು ಅರ್ಧ ಬೆಲೆಗೆ ಕೊಡುತ್ತಿದ್ದನು. ಅರ್ಧ ಬೆಲೆ ಯಾಕೆಂದು ನಾವು ಕೇಳಲಿಲ್ಲ. ಮೂರನೆಯ ದಿನ ಅವುಗಳಲ್ಲೊಂದು ಜೋಲುಬಿದ್ದು, ಹಸುರಾಗಿ ಭೇದಿಮಾಡಿ, ಗೊರಗೊರನೆ ಉಸಿರಾಡಿತು. ನಮಗೆ ಸಂಶಯ ಹುಟ್ಟಿತು. ಆದರೂ ಓಣಿಯವರಿಗೆ ಹೇಳಿದರೆ ಉಪದೇಶಿಯೇ ರೋಗವನ್ನು ತಂದನೆಂದಾರೆಂದು ಸುಮ್ಮನಿದ್ದು, ರಾತ್ರಿಯಲ್ಲಿ ಅದನ್ನು ಹೂತುಬಿಟ್ಟೆವು. ವಾರದೊಳಗೆ ಓಣಿಯ ಕೋಳಿಗಳು ಕುತ್ತಿಗೆ ತಿರುವಿಕೊಂಡು ಬೀಳಹತ್ತಿದವು. ನಮ್ಮ ಸಭೆಯ ಒಬ್ಬ ವಿಧವೆಯ ಹನ್ನೊಂದು ಕೋಳಿಗಳಲ್ಲಿ ಒಂದೂ ಉಳಿಯಲಿಲ್ಲ. ಆ ಮೊಟ್ಟೆಗಳ ಕಾಸಿನಿಂದ ಆಕೆಯು ಮೊಮ್ಮಗಳಿಗೆ ಶಾಲೆಯ ಪುಸ್ತಕಗಳನ್ನು ಕೊಳ್ಳಬೇಕೆಂದಿದ್ದಳು.

ನಾವು ಹೋಗಿ ನಿಜವನ್ನು ಹೇಳಿದಾಗ ಆಕೆಯು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಅಯ್ಯನವರೇ, ನಿಮಗೆ ಕೋಳಿ ಅಗ್ಗವಾಗಿ ಸಿಕ್ಕಿತು, ಉಳಿದ ಅರ್ಧ ಬೆಲೆಯನ್ನು ನಾನು ಕೊಟ್ಟೆನು” ಅಂದಳು. ಸೆಮಿನರಿಯಲ್ಲಿ ಪಾಪದ ವಿಷಯವಾಗಿ ನಾವು ಅನೇಕ ಪಾಠಗಳನ್ನು ಕೇಳಿದ್ದೆವು. ಈ ಒಂದು ಮಾತಿನಷ್ಟು ಯಾವದೂ ನಮ್ಮನ್ನು ಚುಚ್ಚಲಿಲ್ಲ.

ಸಹೋದರರೇ, ಹಳ್ಳಿಗಳಲ್ಲಿ ಕೊಕ್ಕರೆ ರೋಗವೆಂದು ಕರೆಯಲ್ಪಡುವ ರಾಣಿಖೇತ್ ರೋಗವೇ ಇದು. ಕುಮಾವೂ ಬೆಟ್ಟಗಳ ರಾಣಿಖೇತ್ ಊರಿನಲ್ಲಿ 1927ರ ಸುಮಾರಿಗೆ ಕಂಡುಬಂದದರಿಂದ ನಮ್ಮ ದೇಶದಲ್ಲಿ ಇದಕ್ಕೆ ಆ ಹೆಸರಾಯಿತು. ಹತ್ತಿದ ಮೇಲೆ ಇದನ್ನು ಗುಣಪಡಿಸುವ ಔಷಧವಿಲ್ಲ. ಹತ್ತದಂತೆ ಕಾಯುವ ಲಸಿಕೆಯುಂಟು. ಮರಿಗೆ ಮೊದಲನೆಯ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರದ ಸುಮಾರಿಗೆ ಮತ್ತೊಮ್ಮೆ ಹನಿ, ಎಂಟನೆಯ ವಾರದಲ್ಲಿ ಸೂಜಿಮದ್ದು. ಮುಂದಿನದನ್ನು ಪಶುವೈದ್ಯರು ಹೇಳುವ ಪ್ರಕಾರ ಮಾಡಿಸಿರಿ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ತಂದು, ತಂಪು ಹೊತ್ತಿನಲ್ಲಿ, ಆರೋಗ್ಯವಾಗಿರುವ ಕೋಳಿಗಳಿಗೆ ಮಾತ್ರ ಹಾಕಿಸತಕ್ಕದ್ದು. ಬಿಸಿ ತಾಕಿದರೆ ಅದು ಕೆಟ್ಟುಹೋಗುವದು.

ಇಲ್ಲಿ ಒಂದು ವಿಶೇಷವನ್ನು ಗಮನಿಸಿರಿ. ಆ ಲಸಿಕೆಯ ಒಂದು ಚಿಕ್ಕ ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಇರುವದು; ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ನಾಳೆಗೆ ಉಳಿಯದು. ಹತ್ತು ಕೋಳಿಗಳ ಮನೆಯವನು ಒಬ್ಬನೇ ಅದನ್ನು ತಂದರೆ ಬಹುಭಾಗವು ಮಣ್ಣುಪಾಲು. ಓಣಿಯ ಎಲ್ಲಾ ಮನೆಗಳವರು, ನಮ್ಮ ಸಭೆಯವರೂ ಸಭೆಯವರಲ್ಲದವರೂ, ಒಂದೇ ದಿನ ಕೂಡಿ ಹಾಕಿಸಿದರೆ ಮಾತ್ರ ಅದು ಸಾರ್ಥಕವಾಗುವದು. ನೆರೆಯವನ ಕೋಳಿಯು ಬದುಕದೆ ನನ್ನ ಕೋಳಿಯು ಬದುಕಲಾರದು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯು ಈ ಸೀಸೆಯೊಳಗೆ ಎಷ್ಟು ತಿಳಿಯಾಗಿ ಕಾಣುತ್ತದೆ!

ಹೊಸದಾಗಿ ಕೊಂಡ ಕೋಳಿಯನ್ನು ಮೂರು ವಾರ ಬೇರೆ ಇಟ್ಟು ನೋಡಿರಿ. ರೋಗ ಬಂದರೆ ಆ ದಿನವೇ ಮನೆಮನೆಗೆ ತಿಳಿಸಿರಿ. ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿರಿ. ರೋಗದ ಕೋಳಿಯನ್ನು ಸಂತೆಗೆ ಒಯ್ಯಬೇಡಿರಿ. ಕೈಗೆ ಬಂದಷ್ಟು ಬರಲೆಂದು ಅದನ್ನು ಮಾರುವವನು ಕೋಳಿಯನ್ನಲ್ಲ, ತನಗೆ ಕಾಣದ ಯಾವದೋ ಬಡವಳ ಬುಟ್ಟಿಯನ್ನೇ ಮಾರುತ್ತಾನೆ.

ಮೊಟ್ಟೆಯ ಕಾಸಿನ ವಿಷಯವಾಗಿ ಗಂಡಸರಿಗೆ ಒಂದು ಮಾತು. ಅದು ಮನೆಯ ತಾಯಿಯ ದುಡಿಮೆ. ಎಲೆಯಡಿಕೆಗಾಗಲಿ ಬೀಡಿಗಾಗಲಿ ಅದಕ್ಕೆ ಕೈಹಾಕಬೇಡಿರಿ. ತಾಯಂದಿರೇ, ನಿಮಗೂ ಒಂದು ಮಾತು. ಮೊಟ್ಟೆಗಳನ್ನೆಲ್ಲಾ ಮಾರಿ, ಆ ದುಡ್ಡಿನಿಂದ ಮಕ್ಕಳಿಗೆ ಅಂಗಡಿಯ ಬಿಸ್ಕತ್ತನ್ನು ತರುವದು ಬುದ್ಧಿಯಲ್ಲ. ಮೊದಲು ಮನೆಯ ಕೂಸಿಗೂ ಬಸುರಿ ಬಾಣಂತಿಗೂ ಕೊಟ್ಟು, ಉಳಿದದ್ದನ್ನು ಮಾರಿರಿ.

ನಾವು ಆ ವಿಧವೆಗೆ ಹನ್ನೊಂದು ಕೋಳಿಗಳನ್ನು ಒಂದೇ ಸಾರಿ ಕೊಡಲಾರದೆ ಹೋದೆವು. ನಮ್ಮಲ್ಲಿ ಉಳಿದ ಒಂದು ಜವಾರಿ ಹೇಂಟೆಯನ್ನು ಕಾವಿಗೆ ಕೂರಿಸಿ, 21 ದಿನಗಳಲ್ಲಿ ಹೊರಬಂದ ಮರಿಗಳನ್ನು ಲಸಿಕೆ ಹಾಕಿಸಿ ಬೆಳಿಸಿ, ಎರಡು ಸಾರಿಯಾಗಿ ಕೊಟ್ಟು ಮುಗಿಸಿದೆವು. ಮೊಮ್ಮಗಳಿಗೆ ಆ ವರುಷದ ಪುಸ್ತಕಗಳನ್ನು ನಮ್ಮ ಮನೆಯವರು ಕೊಡಿಸಿದರು. ಆಕೆಯು ನಮ್ಮನ್ನು ಕ್ಷಮಿಸಿದಳು, ಆದರೆ ಇಂದಿಗೂ ಮಧ್ಯಾಹ್ನದಲ್ಲಿ ನಮ್ಮ ಹಿತ್ತಿಲ ಬೇಲಿಯ ಆಚೆ ನಿಂತು, “ಅಯ್ಯನವರೇ, ನೀರು ಇಟ್ಟಿರೋ?” ಎಂದು ಕೇಳುತ್ತಾಳೆ.

ಪ್ರಿಯರೇ, ಆ ಪ್ರಶ್ನೆಯನ್ನು ನಿಮಗೂ ಕೇಳುತ್ತೇವೆ. ರೆಕ್ಕೆಯ ಕೆಳಗೆ ನಮ್ಮನ್ನು ಕೂಡಿಸಿಕೊಳ್ಳಲಿಕ್ಕೆ ಬಂದಾತನು ಮೊಟ್ಟೆಗಳನ್ನು ಬಿಟ್ಟು ಬಾಗಿಲಿಗೆ ಓಡಿಹೋಗಲಿಲ್ಲ. ಶಿಲುಬೆಯ ಮೇಲೆ ಕೈಗಳನ್ನು ಚಾಚಿ ಅಲ್ಲಿಯೇ ಉಳಿದನು. ಆತನ ನೆರಳಿನಲ್ಲಿ ಬದುಕುವ ನಾವು ನಮ್ಮ ನೆರಳಿನಲ್ಲಿ ಬದುಕುವ ಪ್ರಾಣಿಗಳನ್ನು ಮರೆಯಬಹುದೇ? ನೆರೆಯವರಿಂದ ನಿಜವನ್ನು ಮರೆಮಾಡಬಹುದೇ? ಈ ಪತ್ರಿಕೆಯನ್ನು ಓದಿ ಮುಗಿಸಿದ ಕೂಡಲೇ ಎದ್ದು ಹಿತ್ತಿಲಿಗೆ ಹೋಗಿ ಬೋಗುಣಿಯನ್ನು ನೋಡಿರಿ. ಮಾಡಬೇಕಾದ ಒಳ್ಳೇದನ್ನು ಅದು ಬೇಕಾದ ಗಳಿಗೆಯಲ್ಲಿಯೇ ಮಾಡುವ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.