ಚೀಲದಲ್ಲಿ ಎರಡು ತೂಕದ ಕಲ್ಲು

ವಾಕ್ಯಭಾಗ: ಧರ್ಮೋಪದೇಶಕಾಂಡ 25:13-16, ವಿಮೋಚನಕಾಂಡ 18:21

ಸತ್ಯವೇದ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ಓದಿ, ಪರವಾಗಿಲ್ಲ, ಆದರೆ ವಾಟ್ಸಾಪ್ ಮಾತ್ರ ಅರ್ಧ ಗಂಟೆ ಮುಚ್ಚಿಡಿ.

ಧರ್ಮೋಪದೇಶಕಾಂಡ 25ರ ಈ ಭಾಗದಲ್ಲಿ ದೇವರು ಮಾತಾಡ್ತಿರೋದು ಆರಾಧನೆಯ ಬಗ್ಗೆ ಅಲ್ಲ, ಸಂತೆಯ ಬಗ್ಗೆ. ಒಬ್ಬ ವ್ಯಾಪಾರಿಯ ಚೀಲದಲ್ಲಿ ಎರಡು ತೂಕದ ಕಲ್ಲುಗಳಿವೆ. ಎರಡಕ್ಕೂ ಅವನು ಹೇಳೋ ತೂಕ ಒಂದೇ. ಆದರೆ ಒಂದು ದೊಡ್ಡದು, ಒಂದು ಚಿಕ್ಕದು. ತಾನು ಕೊಳ್ಳುವಾಗ ದೊಡ್ಡ ಕಲ್ಲು, ಮಾರುವಾಗ ಚಿಕ್ಕ ಕಲ್ಲು. ಗಿರಾಕಿಗೆ ಕಾಣೋದು ಸರಿಯಾಗಿ ನಿಂತ ತಕ್ಕಡಿ ಮಾತ್ರ. ಮೋಸ ಇರೋದು ಚೀಲದಲ್ಲಿ. ಇಂಥ ಕೆಲಸ ಮಾಡುವವರೆಲ್ಲ ತನಗೆ ಅಸಹ್ಯ ಅಂತ ದೇವರು ಹೇಳ್ತಾರೆ. ಜ್ಞಾನೋಕ್ತಿ 11:1ರಲ್ಲೂ ಇದೇ ಮಾತು, 20:10ರಲ್ಲೂ ಇದೇ. ಮೂರು ಸಲ ಹೇಳಿದ್ದಾರೆ ಅಂದರೆ ಇದು ಚಿಕ್ಕ ವಿಷಯ ಅಲ್ಲ.

ಈ ವಾಕ್ಯ ಇಟ್ಟುಕೊಂಡು ಇವತ್ತು ನಾನು ಅಮೆರಿಕದ ಅಧ್ಯಕ್ಷರ ಚುನಾವಣೆಯ ಬಗ್ಗೆ ಮಾತಾಡ್ತೀನಿ. "ಅದಕ್ಕೂ ನಮಗೂ ಏನು ಸಂಬಂಧ ಪಾಸ್ಟರ್?" ಅಂತೀರಾ? ನಿಮ್ಮ ಯೂಟ್ಯೂಬ್ ಹಿಸ್ಟರಿ ತೆಗೆದು ನೋಡಿ, ಸಂಬಂಧ ಕಾಣುತ್ತೆ. ನಮ್ಮ ಯೂತ್ ಫೆಲೋಶಿಪ್‌ನಲ್ಲಿ ಒಬ್ಬ ತಮ್ಮ ಇದ್ದಾನೆ. ಅವನ ಅಕ್ಕ ಮದುವೆಯಾಗಿ ಅಲ್ಲಿಗೆ ಹೋಗಿ, ಅಲ್ಲಿನ ಪೌರತ್ವ ಪಡೆದಿದ್ದಾಳೆ, ಮತ ಹಾಕ್ತಾಳೆ. ಚುನಾವಣೆ ಹೊತ್ತಿಗೆ ಇವನು ಇಲ್ಲಿಂದ ಒಬ್ಬ ಬೋಧಕರ ವಿಡಿಯೋ ಕಳಿಸಿದ, "ದೇವರು ಆರಿಸಿದವರಿಗೆ ವೋಟ್ ಹಾಕು ಅಕ್ಕ" ಅಂತ. ಅವಳು ಅಲ್ಲಿಂದ ಒಂದು ಸುದ್ದಿ ಕಳಿಸಿದಳು, "ದೇವರು ಇಂಥವನನ್ನ ಆರಿಸ್ತಾರಾ?" ಅಂತ. ಮೂರು ದಿನ ಜಗಳ. ಕೊನೆಗೆ ಅಕ್ಕ ಫ್ಯಾಮಿಲಿ ಗ್ರೂಪ್‌ನಿಂದ ಹೊರಗೆ ಹೋದಳು. ಇವನಿಗೆ ಆ ದೇಶದಲ್ಲಿ ವೋಟೇ ಇಲ್ಲ! ಆದರೂ ಅಕ್ಕನನ್ನ ಕಳಕೊಂಡ. ಹಾಗಾಗಿ ಸಂಬಂಧ ಇದೆ, ಪ್ರಿಯರೇ.

ಯಾವ ಪಕ್ಷ ಸರಿ ಅಂತ ನಾನು ಈ ಪುಲ್ಪಿಟ್‌ನಿಂದ ಹೇಳಲ್ಲ. ತೂಗೋದು ಹೇಗೆ ಅಂತ ಮಾತ್ರ ಹೇಳ್ತೀನಿ.

ವಿಮೋಚನಕಾಂಡ 18ರಲ್ಲಿ ಮೋಶೆಯ ಮಾವ ಇತ್ರೋ ಅಳಿಯನಿಗೆ ಬುದ್ಧಿ ಹೇಳ್ತಾನೆ: ಜನರ ಮೇಲೆ ನಾಯಕರನ್ನ ಇಡುವಾಗ ಅವರಿಗೆ ಸಾಮರ್ಥ್ಯ ಇದೆಯಾ, ದೇವರ ಭಯ ಇದೆಯಾ, ನಂಬಬಹುದಾ, ಲಂಚ ಕಂಡರೆ ಹೇಸ್ತಾರಾ ನೋಡು ಅಂತ. ಇಂದಿನ ಮತದಾರರೂ ಹೆಚ್ಚುಕಡಿಮೆ ಇವನ್ನೇ ನೋಡ್ತಾರೆ: ಅನುಭವ, ನೀತಿ, ಗುಣ.

ಮೊದಲನೆಯದು, ಅನುಭವ

1857ರಲ್ಲಿ ಜೇಮ್ಸ್ ಬ್ಯುಕ್ಯಾನನ್ ಅಧ್ಯಕ್ಷರಾದಾಗ ಅವರ ಬಯೋಡೇಟಾ ನೋಡಿದ್ರೆ ಯಾವ ಎಚ್‌ಆರ್ ಕೂಡ ಬೇಡ ಅಂತಿರಲಿಲ್ಲ. ಸಂಸತ್ತಿನ ಎರಡೂ ಸದನಗಳಲ್ಲಿ ಸದಸ್ಯ, ರಷ್ಯಾ ಮತ್ತು ಬ್ರಿಟನ್‌ನಲ್ಲಿ ರಾಯಭಾರಿ, ದೇಶದ ವಿದೇಶಾಂಗ ಕಾರ್ಯದರ್ಶಿ. ಅವರ ನಂತರ ಬಂದವರು ಅಬ್ರಹಾಂ ಲಿಂಕನ್. ವಾಷಿಂಗ್ಟನ್‌ನಲ್ಲಿ ಅವರಿಗಿದ್ದದ್ದು ಎರಡೇ ವರ್ಷದ ಒಂದು ಅವಧಿ. 1858ರಲ್ಲಿ ಸೆನೆಟ್‌ಗೆ ಪ್ರಯತ್ನಿಸಿ ಸೋತಿದ್ದರು. ಬ್ಯುಕ್ಯಾನನ್ ಕುರ್ಚಿ ಬಿಡೋ ಹೊತ್ತಿಗೆ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಿದ್ದವು. ಇವತ್ತು ಇತಿಹಾಸಕಾರರು ಅಧ್ಯಕ್ಷರ ಪಟ್ಟಿ ಮಾಡಿದಾಗೆಲ್ಲ ಲಿಂಕನ್ ಮೇಲಿರ್ತಾರೆ, ಬ್ಯುಕ್ಯಾನನ್ ತಳದಲ್ಲಿರ್ತಾರೆ.

ಹಾಗಾದರೆ ಅನುಭವ ಬೇಡವೇ? ಬೇಕು. 1 ಸಮುವೇಲ 17ರಲ್ಲಿ "ನೀನಿನ್ನೂ ಹುಡುಗ" ಅನ್ನೋ ಅರ್ಥದಲ್ಲಿ ಸೌಲ ಮಾತಾಡಿದಾಗ, ದಾವೀದ "ದೇವರು ನೋಡ್ಕೋತಾರೆ" ಅಂತ ಅಷ್ಟೇ ಹೇಳಿ ಸುಮ್ಮನಾಗಲಿಲ್ಲ. ಸಿಂಹದ ಬಾಯಿಂದ, ಕರಡಿಯ ಬಾಯಿಂದ ಕುರಿಗಳನ್ನ ಬಿಡಿಸಿದ ಲೆಕ್ಕ ಕೊಟ್ಟ. ಆ ಲೆಕ್ಕವೇ ಅನುಭವ. ಎಷ್ಟು ವರ್ಷ ಕುರ್ಚಿಯಲ್ಲಿದ್ದ ಅಂತ ಕೇಳಿದ್ರೆ ಸಾಲದು. ಅವನ ಕೈಯಲ್ಲಿದ್ದ ಕುರಿಗಳಿಗೆ ಏನಾಯ್ತು ಅಂತ ಕೇಳಿ.

ಎರಡನೆಯದು, ನೀತಿ

1976ರಲ್ಲಿ ಜಿಮ್ಮಿ ಕಾರ್ಟರ್ ನಿಂತರು. ಸಂಡೇ ಸ್ಕೂಲ್ ಟೀಚರ್. ತಾನು ಹೊಸದಾಗಿ ಹುಟ್ಟಿದವನು ಅಂತ ಬಹಿರಂಗವಾಗಿ ಹೇಳಿದವರು. ವಿಶ್ವಾಸಿಗಳು ಎಷ್ಟು ಸಂತೋಷಪಟ್ಟಿರಬೇಕು! ಅವರು ಗೆದ್ದರು. ನಾಲ್ಕು ವರ್ಷ ಆದ ಮೇಲೆ, 1980ರಲ್ಲಿ, ಬೆಲೆಗಳು ವರ್ಷಕ್ಕೆ ಶೇ. 13ಕ್ಕಿಂತ ಹೆಚ್ಚು ಏರ್ತಾ ಇದ್ದವು. ಟೆಹ್ರಾನ್‌ನಲ್ಲಿ 52 ಅಮೆರಿಕನ್ನರು ಒತ್ತೆಯಾಳುಗಳಾಗಿದ್ದರು. ಗರ್ಭಪಾತ, ಶಾಲೆಯಲ್ಲಿ ಪ್ರಾರ್ಥನೆ, ಇಂಥ ಪ್ರಶ್ನೆಗಳಲ್ಲಿ ಅನೇಕ ಕ್ರೈಸ್ತರಿಗೆ ಅವರ ಮೇಲೆ ಅಸಮಾಧಾನ ಇತ್ತು. ಎದುರಿಗೆ ನಿಂತ ರೊನಾಲ್ಡ್ ರೇಗನ್ ಹಾಲಿವುಡ್ ನಟ, ವಿಚ್ಛೇದನ ಪಡೆದು ಮರುಮದುವೆಯಾದವರು, ಎಂಟು ವರ್ಷ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದವರು. 50ರಲ್ಲಿ 44 ರಾಜ್ಯಗಳು ರೇಗನ್‌ಗೆ ಹೋದವು. ಕಾರ್ಟರ್ ಊರಿಗೆ ವಾಪಸ್ ಹೋಗಿ, ತೊಂಬತ್ತು ದಾಟಿದ ಮೇಲೂ ಸಂಡೇ ಸ್ಕೂಲ್ ಕಲಿಸಿದರು.

ಅವತ್ತು ರೇಗನ್‌ಗೆ ಮತ ಹಾಕಿದ ವಿಶ್ವಾಸಿ ತಪ್ಪು ಮಾಡಿದನಾ? ನಾನು ಹಾಗೆ ಹೇಳಲ್ಲ. ನೀತಿಗೂ ತೂಕ ಇದೆ. ಯೆರೆಮೀಯ 22:16ರಲ್ಲಿ ಯೋಷೀಯ ರಾಜನ ಬಗ್ಗೆ ಇದೆ: ಬಡವರ, ದಿಕ್ಕಿಲ್ಲದವರ ನ್ಯಾಯವನ್ನ ಅವನು ಕೇಳಿದ, ಅದನ್ನೇ ದೇವರು ತನ್ನನ್ನ ಅರಿಯೋದು ಅಂತ ಕರೆದರು. ಒಬ್ಬ ನಾಯಕ ಒಳ್ಳೆಯವನಾಗಿದ್ದು, ಅವನ ಕಾನೂನಿನಿಂದ ಬಡವನ ತಟ್ಟೆ ಖಾಲಿಯಾದರೆ, ಅದನ್ನೂ ತೂಗಲೇಬೇಕು. ಇಬ್ಬರು ವಿಶ್ವಾಸಿಗಳು ಪ್ರಾಮಾಣಿಕವಾಗಿ ತೂಗಿ ಬೇರೆಬೇರೆ ತೀರ್ಮಾನಕ್ಕೆ ಬರಬಹುದು. ಅದು ಪಾಪ ಅಲ್ಲ.

ಮೂರನೆಯದು, ಗುಣ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಚೀಲ ತೆರೆಯೋದು ಇಲ್ಲೇ.

1998ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಅನೈತಿಕ ಸಂಬಂಧದ ಹಗರಣ ದೇಶವನ್ನೇ ಅಲುಗಾಡಿಸ್ತಿತ್ತು. ಆ ವರ್ಷ ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟಂಟ್ ಸಂಘಟನೆಯಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಒಂದು ಠರಾವು ಮಾಡಿತು: ನಾಯಕರ ಗಂಭೀರ ಪಾಪವನ್ನ ಸಹಿಸಿಕೊಂಡರೆ ಇಡೀ ಜನಾಂಗದ ಮನಸ್ಸಾಕ್ಷಿ ಮರಗಟ್ಟುತ್ತೆ, ಆದ್ದರಿಂದ ಗುಣ ನೋಡಿ ಮತ ಹಾಕಿ ಅಂತ. ಒಳ್ಳೆಯ ಮಾತು. ಆಮೆನ್ ಹೇಳಬಹುದಾದ ಮಾತು.

2011ರಲ್ಲಿ ಪಿಆರ್‌ಆರ್‌ಐ ಅನ್ನೋ ಸಂಸ್ಥೆ ಒಂದು ಸಮೀಕ್ಷೆ ಮಾಡಿತು. ಖಾಸಗಿ ಜೀವನದಲ್ಲಿ ಅನೈತಿಕವಾಗಿ ನಡೆದ ನಾಯಕ ತನ್ನ ಸಾರ್ವಜನಿಕ ಕೆಲಸವನ್ನ ನೈತಿಕವಾಗಿ ಮಾಡಬಲ್ಲನಾ ಅನ್ನೋದು ಪ್ರಶ್ನೆ. ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ ಶೇ. 30 ಮಂದಿ ಮಾತ್ರ "ಹೌದು" ಅಂದರು. 2016ರ ಅಕ್ಟೋಬರ್‌ನಲ್ಲಿ, ಡೊನಾಲ್ಡ್ ಟ್ರಂಪ್ ಅಭ್ಯರ್ಥಿಯಾಗಿದ್ದಾಗ, ಅದೇ ಪ್ರಶ್ನೆ ಮತ್ತೆ ಕೇಳಿದರು. ಶೇ. 72 ಮಂದಿ "ಹೌದು" ಅಂದರು.

ಐದು ವರ್ಷದಲ್ಲಿ ಸತ್ಯವೇದ ಬದಲಾಗಿರಲಿಲ್ಲ. ಹತ್ತು ಆಜ್ಞೆ ಒಂಬತ್ತಾಗಿರಲಿಲ್ಲ. ತಕ್ಕಡಿಯಲ್ಲಿ ಕೂತ ಮನುಷ್ಯ ಬದಲಾಗಿದ್ದ, ಅಷ್ಟೇ.

ಈ ಕಡೆಯವರು ನಗಬೇಡಿ. ಇನ್ನೊಂದು ಕಡೆಯವರ ಚೀಲದಲ್ಲೂ ಎರಡು ಕಲ್ಲಿತ್ತು. 1998ರ ಡಿಸೆಂಬರ್‌ನಲ್ಲಿ ಕೆಳಮನೆ ಕ್ಲಿಂಟನ್ ವಿರುದ್ಧ ಮಹಾಭಿಯೋಗ ಹೊರಿಸಿದ ಬೆನ್ನಲ್ಲೇ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಕೆಲಸಕ್ಕೆ ಶೇ. 73 ಮಂದಿಯ ಮೆಚ್ಚುಗೆ ಸಿಕ್ಕಿತು. "ಅದು ಅವರ ಖಾಸಗಿ ಜೀವನ, ದೇಶ ಚೆನ್ನಾಗಿ ನಡೀತಿದೆ" ಅಂದವರು ಎಷ್ಟೋ ಜನ. ಅದೇ ಪಾಳೆಯದಲ್ಲಿ 2016ರಲ್ಲಿ "ಗುಣವೇ ಎಲ್ಲಾ" ಅಂತ ಕೂಗಿದರು.

"ದೇವರು ಕೋರೆಷನನ್ನೂ ಉಪಯೋಗಿಸಿದರಲ್ಲ ಪಾಸ್ಟರ್, ಯೆಶಾಯ 45?" ಹೌದು. ಟ್ರಂಪ್ ಬಗ್ಗೆ ಅನೇಕ ಬೋಧಕರು ಈ ಅಧ್ಯಾಯ ಓದಿದರು. ದೇವರು ಯಾರನ್ನ ಬೇಕಾದರೂ ಉಪಯೋಗಿಸಬಲ್ಲರು, ಹಲ್ಲೆಲೂಯಾ! ಆದರೆ ಅದು ದೇವರ ಕೆಲಸ. ದೇವರ ಸಾರ್ವಭೌಮತ್ವ ನನ್ನ ತಕ್ಕಡಿಯ ಮೋಸಕ್ಕೆ ನೆಪ ಆಗಲ್ಲ. ಕೋರೆಷನ ಹೆಸರು ಹೇಳಿ ಒಬ್ಬನನ್ನ ಒಪ್ಪಿಕೊಳ್ಳೋದಾದ್ರೆ, ನಿನಗೆ ಇಷ್ಟವಿಲ್ಲದ ಇನ್ನೊಬ್ಬನಿಗೂ ಅದೇ ಅಧ್ಯಾಯ ಓದ್ತೀಯಾ?

"ದಾವೀದನೂ ಪಾಪ ಮಾಡಿದನಲ್ಲ?" ಮಾಡಿದ. ಆದರೆ 2 ಸಮುವೇಲ 12 ಓದಿ. ನಾತಾನ ದಾವೀದನ ವೈರಿಯಲ್ಲ, ಅವನದೇ ಆಸ್ಥಾನದ ಪ್ರವಾದಿ. ಆದರೂ ಊರೀಯನ ರಕ್ತವನ್ನ ಅವನು ಮುಚ್ಚಿಡಲಿಲ್ಲ. ಕುರಿಮರಿಯ ಕಥೆ ಹೇಳಿ ಬೆರಳನ್ನ ರಾಜನ ಕಡೆಗೇ ತಿರುಗಿಸಿದ. ವ್ಯತ್ಯಾಸ ಗಮನಿಸಿ. "ಈ ಅಭ್ಯರ್ಥಿಯ ಗುಣದಲ್ಲಿ ದೋಷ ಇದೆ, ಅದು ದೋಷವೇ, ಆದರೂ ನೀತಿಯ ಕಾರಣಕ್ಕೆ ಮತ ಹಾಕ್ತೀನಿ" ಅನ್ನೋದು ಪ್ರಾಮಾಣಿಕ ತೂಕ. "ಅವನಲ್ಲಿ ದೋಷವೇ ಇಲ್ಲ, ಅವನು ಅಭಿಷಿಕ್ತ" ಅನ್ನೋದು ಚಿಕ್ಕ ಕಲ್ಲು.

ನಮ್ಮ ಮನೆಯ ಮಾತು

ಪೆಂಟೆಕೋಸ್ಟಲ್ ಮಕ್ಕಳಾದ ನಾವು ಇದನ್ನ ಇನ್ನೂ ಹತ್ತಿರದಿಂದ ಕೇಳಬೇಕು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಸ್ಟ್ರೀಟ್‌ನಲ್ಲಿ ಉಜ್ಜೀವನ ನಡೆದಾಗ ಮುಂದೆ ನಿಂತವರು ವಿಲಿಯಂ ಸೆಮೂರ್, ಗುಲಾಮಗಿರಿ ಕಂಡ ತಂದೆತಾಯಿಯ ಮಗ. ಕರಿಯರು, ಬಿಳಿಯರು ಒಂದೇ ನೆಲದ ಮೇಲೆ ಮೊಣಕಾಲೂರಿದರು. 2016ರ ಮತಗಟ್ಟೆ ಸಮೀಕ್ಷೆ ನೋಡಿ: ಬಿಳಿಯ ಇವಾಂಜೆಲಿಕಲ್‌ರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಟ್ರಂಪ್‌ಗೆ, ಕಪ್ಪು ಅಮೆರಿಕನ್ನರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹಿಲರಿ ಕ್ಲಿಂಟನ್‌ಗೆ. ಎರಡೂ ಕಡೆ ಅದೇ ಸತ್ಯವೇದ, ಅದೇ ಪವಿತ್ರಾತ್ಮನ ಹೆಸರು. ಹಾಗಿರುವಾಗ "ನಿಜವಾದ ವಿಶ್ವಾಸಿ ಇವರಿಗೇ ಮತ ಹಾಕ್ತಾನೆ" ಅಂತ ಹೇಳುವ ಬೋಧಕನ ವಿಡಿಯೋ ಬಂದರೆ ಎಚ್ಚರ.

2020ರಲ್ಲಿ ಟ್ರಂಪ್ ಮತ್ತೆ ಗೆಲ್ತಾರೆ ಅಂತ ಹಲವರು ಕರ್ತನ ಹೆಸರಿನಲ್ಲಿ ಪ್ರವಾದಿಸಿದರು. 2021ರ ಜನವರಿ 20ರಂದು ಪ್ರಮಾಣವಚನ ತೆಗೆದುಕೊಂಡವರು ಜೋ ಬೈಡನ್. ಕೆಲವರು ಬಹಿರಂಗವಾಗಿ ಕ್ಷಮೆ ಕೇಳಿದರು, ಅದಕ್ಕೆ ಬೈಗುಳವನ್ನೂ ತಿಂದರು. ಧರ್ಮೋಪದೇಶಕಾಂಡ 18:22 ಪ್ರವಾದನೆಗೂ ಒಂದು ತಕ್ಕಡಿ ಇಟ್ಟಿದೆ. ಪ್ರವಾದನೆಯನ್ನ ತಿರಸ್ಕರಿಸಬೇಡಿ, ಪರೀಕ್ಷಿಸಿ.

ಈ ವಾರ ಏನು ಮಾಡಬೇಕು?

ಒಂದು: ಹೆಸರು ಅದಲುಬದಲು ಮಾಡಿ ನೋಡಿ. ನಿಮಗೆ ಇಷ್ಟವಾದ ನಾಯಕ ಮಾಡಿದ್ದನ್ನ ಎದುರಾಳಿ ಮಾಡಿದ್ದರೆ ನೀವು ಏನು ಪೋಸ್ಟ್ ಹಾಕ್ತಿದ್ದಿರಿ? ಅದನ್ನೇ ಇವನಿಗೂ ಹೇಳಿ, ಇಲ್ಲಾ ಇಬ್ಬರಿಗೂ ಹೇಳಬೇಡಿ.

ಎರಡು: ನಿಮ್ಮ ಕೈಯಲ್ಲಿರುವ ಮತವನ್ನ ತೂಗಿ. ನಾವು ರಾಷ್ಟ್ರಪತಿಯನ್ನ ನೇರವಾಗಿ ಆರಿಸಲ್ಲ. ಆದರೆ ಎಂಎಲ್‌ಎ, ಎಂಪಿಯನ್ನ ಆರಿಸ್ತೀವಿ. ಪ್ರತಿ ಅಭ್ಯರ್ಥಿ ತನ್ನ ಮೇಲಿನ ಕ್ರಿಮಿನಲ್ ಕೇಸು, ಆಸ್ತಿ, ಸಾಲ, ವಿದ್ಯಾಭ್ಯಾಸ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಟ್ರಂಪ್ ಬಗ್ಗೆ ಎರಡು ಗಂಟೆ ವಿಡಿಯೋ ನೋಡೋರು ನಮ್ಮ ಕ್ಷೇತ್ರದ ಅಭ್ಯರ್ಥಿಯ ಅಫಿಡವಿಟ್ ಹತ್ತು ನಿಮಿಷ ಓದಿ.

ಮೂರು: ನೀವು ಆರಿಸದ ನಾಯಕನಿಗಾಗಿಯೂ ಪ್ರಾರ್ಥಿಸಿ. 1 ತಿಮೊಥೆ 2ರಲ್ಲಿ ಅರಸರಿಗಾಗಿ ಪ್ರಾರ್ಥಿಸಿ ಅಂತ ಪೌಲ ಬರೆದಾಗ, ಆಳ್ತಿದ್ದ ರೋಮ್ ಚಕ್ರವರ್ತಿಯನ್ನ ಯಾವ ಸಭೆಯೂ ಆರಿಸಿರಲಿಲ್ಲ.

ನಾಲ್ಕು: ಯಾರಾದರೂ ಗ್ರೂಪ್ ಬಿಟ್ಟು ಹೋಗಿದ್ದರೆ ಇವತ್ತೇ ಫೋನ್ ಮಾಡಿ. ಚುನಾವಣೆ ಮಾತು ಬೇಡ. "ಊಟ ಆಯ್ತಾ ಅಕ್ಕ?" ಅಂತ ಕೇಳಿ, ಸಾಕು.

ಪ್ರಿಯರೇ, ದಾನಿಯೇಲ 5ರಲ್ಲಿ ಗೋಡೆಯ ಮೇಲೆ ಒಂದು ಕೈ ಬರೆಯಿತು. ಬೇಲ್ಶಚ್ಚರ ರಾಜನನ್ನ ದೇವರು ತಕ್ಕಡಿಯಲ್ಲಿಟ್ಟು ತೂಗಿದರು, ತೂಕ ಕಡಿಮೆ ಬಂತು. ನಾಯಕರನ್ನ ತೂಗುವ ನಾವೂ ಒಂದು ದಿನ ಆ ತಕ್ಕಡಿ ಹತ್ತಬೇಕು. ನಮ್ಮ ತೂಕ ಸಾಲುತ್ತಾ? ಸಾಲಲ್ಲ. ನಮ್ಮ ಪರವಾಗಿ ಶಿಲುಬೆಯಲ್ಲಿ ತೂಗಿದವರು ಯೇಸು ಸ್ವಾಮಿ. ಅವರ ಕೃಪೆಯಿಂದ ನಿಂತಿರುವವರಿಗೆ ಯಾವ ನಾಯಕನನ್ನೂ ರಕ್ಷಕನನ್ನಾಗಿ ಮಾಡಿಕೊಳ್ಳುವ ಅಗತ್ಯ ಇಲ್ಲ. ಆದ್ದರಿಂದ ಅವನ ತಪ್ಪನ್ನ ಮುಚ್ಚುವ ಅಗತ್ಯವೂ ಇಲ್ಲ.

ತಲೆಬಾಗಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಚೀಲಗಳನ್ನ ನಿಮ್ಮ ಮುಂದೆ ತೆರೀತೀವಿ. ಎರಡನೆಯ ಕಲ್ಲನ್ನ ತೆಗೆದುಹಾಕಿ ಕರ್ತನೇ. ನಮ್ಮವರಿಗೂ ಪರರಿಗೂ ಒಂದೇ ತೂಕ ಇಡುವ ಮನಸ್ಸನ್ನ ಕೊಡಿ. ಈ ದೇಶದ ನಾಯಕರನ್ನೂ, ದೂರದ ದೇಶಗಳ ನಾಯಕರನ್ನೂ ನಿಮ್ಮ ಭಯದಲ್ಲಿ ನಡೆಸಿ. ರಾಜಕೀಯದಿಂದ ಒಡೆದ ಮನೆಗಳನ್ನ ಕೂಡಿಸಿ. ಯೇಸುವಿನ ನಾಮದಲ್ಲಿ ಬೇಡ್ತೀವಿ, ಆಮೆನ್.